ಕಲ್ಲುಗೋಡೆಯ ಹಾದಿಯ ಹಾಡು

ಕೊರಿಯಾ ದೇಶದ ರಾಜಧಾನಿಯಾದ ಸಿಯೋಲ್ ನಗರದಲ್ಲಿ ನಾವು ಕಳೆದದ್ದು ಒಟ್ಟು ಹದಿನೆಂಟು ದಿನ. ಅಷ್ಟರೊಳಗೆ ಅರಮನೆಗಳನ್ನು ನೋಡಿದೆವು, ಪೇಟೆಬೀದಿಗಳಲ್ಲಿ ಅಲೆದೆವು, ನೆಲದಡಿಯ ರೈಲಿನಲ್ಲಿ ಎರಡು ಸಲ ದಾರಿ ತಪ್ಪಿ ಬೇರೆ ಊರಿನ ನಿಲ್ದಾಣದಲ್ಲಿ ಇಳಿದದ್ದೂ ಉಂಟು. ಆದರೆ ಹಿಂದಿರುಗಿದ ಮೇಲೆ ಆಪ್ತರಾರಾದರೂ ಅಲ್ಲಿ ಏನು ಕಂಡಿರಿ ಎಂದು ಕೇಳಿದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಒಂದು ಗೋಡೆ. ಆ ಗೋಡೆಯ ಪಕ್ಕದಲ್ಲಿ ನಡೆಯುತ್ತ ಕೇಳಿದ ಒಂದು ಹಾಡು. ಗೋಡೆ ನೋಡುವುದಕ್ಕೆ ಸಮುದ್ರ ದಾಟಿ ಹೋಗಬೇಕಾಗಿತ್ತೆ ಎಂದು ವಾಚಕರು ನಗಬಹುದು. ನಗಲಿ. ಆ ಹಾಡನ್ನು ನಮಗೆ ಕೇಳಿಸಿದವನು ಏಕೆ ಕೇಳಿಸಿದನೆಂಬುದನ್ನು ತಿಳಿದ ಮೇಲೆ ಅವರು ನಮ್ಮನ್ನು ಮನ್ನಿಸುವರೆಂದು ನಂಬಿದ್ದೇವೆ.

ನಾವು ಹೋಗಿದ್ದುದು ತಮ್ಮನ ಮಗನ ಮನೆಗೆ. ಹುಡುಗ ಅಲ್ಲಿ ಒಂದು ಸಂಶೋಧನಾಲಯದಲ್ಲಿ ಇಂಜಿನಿಯರು. 2021ನೆಯ ಮೇ ತಿಂಗಳಲ್ಲಿ, ಸಾಂಕ್ರಾಮಿಕ ರೋಗದ ಆ ಕೆಟ್ಟ ದಿನಗಳಲ್ಲಿ, ನಮ್ಮ ತಮ್ಮ ಮೈಸೂರಿನಲ್ಲಿ ತೀರಿಕೊಂಡನು. ದೇಶದೇಶಗಳ ನಡುವಣ ವಿಮಾನಸಂಚಾರ ಬಹುಮಟ್ಟಿಗೆ ನಿಂತುಹೋಗಿದ್ದ ಕಾಲವದು, ಮಗನು ಬರಲಾಗಲಿಲ್ಲ. ಕ್ರಿಯೆಗಳನ್ನು ನಾವೇ ನಡೆಸಿದೆವು. ಅವನು ಮೂರು ಸಾವಿರ ಮೈಲಿಗೂ ಆಚೆ ಕುಳಿತು ಅದನ್ನು ಮೊಬೈಲ್ ಫೋನಿನ ಗಾಜಿನಲ್ಲಿ ನೋಡಿದನು. ಮರುವರ್ಷ ದಾರಿ ತೆರೆದಾಗ ಊರಿಗೆ ಬಂದು ಹೋದನಾದರೂ ತಂದೆಯ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ನಾವೂ ಕೇಳಲಿಲ್ಲ. ಹಾಗೆ ಕೇಳದೆ ಬಿಟ್ಟದ್ದು ಸರಿಯಾಯಿತೆ ಎಂಬ ಕೊರಗು ನಮ್ಮನ್ನು ಕಾಡುತ್ತಿತ್ತು. ನಿಜ ಹೇಳಬೇಕಾದರೆ ಇಷ್ಟು ವಯಸ್ಸಿನಲ್ಲಿ ಚಳಿಯ ದೇಶಕ್ಕೆ ಹೊರಟ ಕಾರಣವೂ ಅದೇ.

ಅವನ ಮನೆಯಲ್ಲಿ ನಾವು ಗಮನಿಸಿದ ಒಂದು ಸಂಗತಿಯೇನೆಂದರೆ, ಪ್ರತಿ ರಾತ್ರಿ ಊಟವಾದ ತರುವಾಯ ಹುಡುಗನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಿಟಕಿಯ ಬಳಿ ಅರ್ಧ ಗಂಟೆ ನಿಲ್ಲುತ್ತಿದ್ದನು. ಏನು ಕೇಳುತ್ತೀಯಪ್ಪ ಎಂದರೆ, “ಇಲ್ಲಿಯವರ ಹಾಡು ದೊಡ್ಡಪ್ಪ, ನಿಮಗೆ ರುಚಿಸಲಾರದು” ಎನ್ನುವನು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಒಂದು ಶನಿವಾರ, ಅವನೇ, “ಬನ್ನಿ, ನಿಮ್ಮನ್ನೂ ದೊಡ್ಡಮ್ಮನನ್ನೂ ಒಂದು ಬೀದಿಗೆ ಕರೆದುಕೊಂಡು ಹೋಗುತ್ತೇನೆ, ಆ ಹಾಡನ್ನು ಅಲ್ಲಿ ಕೇಳಬೇಕು” ಎಂದನು.

ನಗರಸಭೆಯ ಭವನದ ಎದುರಿಗೆ ದೊಕ್ಸುಗುಂಗ್ ಎಂಬ ಅರಮನೆಯಿದೆ. ಕೊರಿಯಾದ ಅರಸ ಗೋಜಾಂಗನು ಜಪಾನೀಯರ ಬಲವಂತದಿಂದ 1907ರಲ್ಲಿ ಸಿಂಹಾಸನ ಬಿಟ್ಟ ಮೇಲೆ 1919ರಲ್ಲಿ ಸಾಯುವವರೆಗೂ ಇದ್ದುದು ಇಲ್ಲಿಯೇ. ಅರಮನೆಯ ಹೆಬ್ಬಾಗಿಲಿನ ಪಕ್ಕದಿಂದ ಒಂದು ಹಾದಿ ಒಳಕ್ಕೆ ತಿರುಗುತ್ತದೆ. ಬಲಗಡೆ ಉದ್ದಕ್ಕೂ ಅರಮನೆಯ ಕಲ್ಲುಗೋಡೆ. ಅದರ ತಲೆಯ ಮೇಲೆ ಕಪ್ಪು ಹೆಂಚಿನ ಸಣ್ಣ ಸೂರು. ಗೋಡೆಗೂ ಮಳೆ ತಾಕಬಾರದೆಂಬ ಈ ಕಾಳಜಿ ನಮಗೆ ಬಹಳ ಹಿಡಿಸಿತು. ಮುಂದಕ್ಕೆ ಗಿಂಕೋ ಎಂಬ ಮರಗಳ ಸಾಲು. ನವೆಂಬರಿನಲ್ಲಿ ಅದರ ಎಲೆಗಳು ಅರಿಶಿನ ಬಳಿದಂತೆ ಹಳದಿಯಾಗಿ ಉದುರಿ, ಕೆಳಗೆ ಹಾಸಿದಂತೆ ಬಿದ್ದಿರುತ್ತವೆ. ನೋಟ ಎಷ್ಟು ಚೆಲುವೋ ಅದರ ಹಣ್ಣಿನ ವಾಸನೆ ಅಷ್ಟೇ ಕೆಟ್ಟದು. ತುಳಿದ ಪಾದರಕ್ಷೆಯನ್ನು ಮನೆಯ ಹೊರಗೇ ಬಿಡಬೇಕು.

ಪ್ರಣಯಿಗಳು ಈ ಗೋಡೆಯ ಪಕ್ಕದಲ್ಲಿ ಜೊತೆಯಾಗಿ ನಡೆದರೆ ಅಗಲುವರೆಂದು ಆ ಊರಿನಲ್ಲಿ ಒಂದು ಮಾತುಂಟು. ಹಿಂದೆ ಕುಟುಂಬದ ವ್ಯಾಜ್ಯಗಳನ್ನು ವಿಚಾರಿಸುವ ನ್ಯಾಯಸ್ಥಾನ ಈ ಹಾದಿಯಲ್ಲಿದ್ದು, ವಿವಾಹ ಮುರಿದುಕೊಳ್ಳುವವರು ಇದೇ ದಾರಿಯಾಗಿ ಹೋಗುತ್ತಿದ್ದುದರಿಂದ ಆ ಮಾತು ಹುಟ್ಟಿತೆಂದು ಬಲ್ಲವರು ವಿವರಿಸುತ್ತಾರೆ. ಆದರೂ ಅಂದು ಅಲ್ಲಿ ಕೈಕೈ ಹಿಡಿದು ನಡೆಯುತ್ತಿದ್ದ ಯುವಜನರಿಗೆ ಲೆಕ್ಕವಿರಲಿಲ್ಲ. ನಮ್ಮ ಮನೆಯಾಕೆ ಇದನ್ನು ಕೇಳಿ, “ನಲವತ್ತು ವರ್ಷದಲ್ಲಿ ಆಗದ್ದು ಈ ಗೋಡೆಯಿಂದ ಆದೀತೆ?” ಎಂದು ಮುಂದೆ ನಡೆದಳು.

ಈ ಬಡಾವಣೆಯ ಹೆಸರು ಜೊಂಗ್‌ದೊಂಗ್. ಹೆಸರಿನ ಮೂಲವನ್ನು ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಜೋಸೊನ್ ರಾಜವಂಶವನ್ನು ಸ್ಥಾಪಿಸಿದ ದೊರೆ ಥೇಜೊನ ರಾಣಿ ಸಿಂದೊಕ್ 1396ರಲ್ಲಿ ಮಡಿದಾಗ, ಅವಳ ಸಮಾಧಿಯನ್ನು ಊರ ಹೊರಗೆ ಕಟ್ಟುವ ರೂಢಿಯನ್ನು ಮೀರಿ ದೊರೆಯು ಅರಮನೆಗೆ ಹತ್ತಿರದಲ್ಲಿ, ಇಲ್ಲಿಯೇ ಕಟ್ಟಿಸಿದನು. ಪಕ್ಕದಲ್ಲಿ ಒಂದು ಬೌದ್ಧ ವಿಹಾರವೂ ಆಯಿತು. ರಾಣಿಯ ಆತ್ಮಕ್ಕಾಗಿ ಅಲ್ಲಿ ಬಾರಿಸುವ ಗಂಟೆ ಕಿವಿಗೆ ಬಿದ್ದ ಮೇಲೆಯೇ ದೊರೆಯು ಊಟಕ್ಕೆ ಕೈಯಿಡುತ್ತಿದ್ದನೆಂದು ಕಥೆ ಹೇಳುತ್ತಾರೆ. ಮುಂದೆ ಪಟ್ಟಕ್ಕೆ ಬಂದ ಮಲಮಗನಿಗೆ ಆ ರಾಣಿಯಲ್ಲಿ ದ್ವೇಷ. ಅವನು 1409ರಲ್ಲಿ ಸಮಾಧಿಯನ್ನು ಕೀಳಿಸಿ ಕೋಟೆಯಾಚೆಗೆ ಸಾಗಿಸಿದನು. ಉಳಿದ ಕಲ್ಲುಗಳನ್ನು ಒಂದು ಸೇತುವೆಗೆ ಹಾಕಿಸಿದನು. ರಾಣಿ ಹೋದಳು, ಸಮಾಧಿ ಹೋಯಿತು, ವಿಹಾರ ಹೋಯಿತು. ಜೊಂಗ್‌ನುಂಗ್ ಎಂಬ ಆ ಸಮಾಧಿಯ ಹೆಸರಿನ ಮೊದಲಕ್ಷರ ಮಾತ್ರ ಬೀದಿಗೆ ಅಂಟಿಕೊಂಡು ಆರುನೂರು ವರ್ಷಗಳಿಂದ ನಿಂತಿದೆ.

ಗೋಡೆ ಮುಗಿಯುವಲ್ಲಿ ಹಾದಿಗಳು ಕೂಡುತ್ತವೆ. ಅಲ್ಲಿ ಕೆಂಪು ಇಟ್ಟಿಗೆಯ ಒಂದು ಇಗರ್ಜಿ. ಆಪೆನ್ಝೆಲ್ಲರ್ ಎಂಬ ಅಮೆರಿಕದ ಪಾದ್ರಿ 1885ರಲ್ಲಿ ಸ್ಥಾಪಿಸಿದ ಸಭೆಗೆ 1897ರಲ್ಲಿ ಈ ಕಟ್ಟಡವಾಯಿತು. ನಾವು ಹೋದಾಗ ಒಳಗೆ ಮರುದಿನದ ಆರಾಧನೆಗೆ ಗಾಯಕರು ಅಭ್ಯಾಸ ಮಾಡುತ್ತಿದ್ದರೆಂದು ತೋರುತ್ತದೆ. ಬಾಗಿಲ ಸಂದಿನಿಂದ ದನಿಗಳು ಬರುತ್ತಿದ್ದವು. ಹೆಂಗಸರದು ಒಂದು ಎತ್ತರ, ಗಂಡಸರದು ಒಂದು ಎತ್ತರ, ಅದರಲ್ಲಿಯೂ ಮೇಲೊಂದು ಕೆಳಗೊಂದು: ನಾಲ್ಕು ದಾರಿ ಹಿಡಿದು ಒಂದೇ ಊರಿಗೆ ಹೋಗುವವರಂತೆ.

ಇಲ್ಲಿ ಒಂದು ಮಾತು ಹೇಳಬೇಕು. ಈ ಬಗೆಯ ಕೂಡುಗಾನ ಕೊರಿಯಾದವರಿಗೆ ಹುಟ್ಟಿನಿಂದ ಬಂದ ಆಸ್ತಿಯಲ್ಲ. ಅವರ ಹಳೆಯ ಸಂಗೀತವೂ ನಮ್ಮದರಂತೆ ಒಂದೇ ಎಳೆಯ ಗಾನ. ಪಾನ್ಸೊರಿ ಎಂಬ ಕಥಾಗಾಯನದಲ್ಲಿ ಹಾಡುವವರು ಒಬ್ಬರು, ಮದ್ದಳೆ ಬಾರಿಸುವವರು ಒಬ್ಬರು. ನಮ್ಮ ಸಭೆಗಳಲ್ಲಿ ‘ಭಲೆ’ ಎನ್ನುವಂತೆ ಮದ್ದಳೆಯವನೂ ಕೇಳುವವರೂ ನಡುನಡುವೆ ಹುರಿದುಂಬಿಸುವುದುಂಟು. ಹೀಗಿದ್ದ ಕಿವಿಗೆ ನಾಲ್ಕು ದನಿಗಳ ಪಾಕ ಬಂದದ್ದು ಬಹುಮಟ್ಟಿಗೆ ಈ ಇಗರ್ಜಿಗಳ ಬಾಗಿಲಿನಿಂದ. ಅಂಡರ್‌ವುಡ್ ಎಂಬ ಪಾದ್ರಿ 1894ರಲ್ಲಿಯೇ ಸ್ವರಲಿಪಿಯ ಸಮೇತ ಕೊರಿಯನ್ ಭಾಷೆಯ ಸ್ತೋತ್ರಗೀತೆಗಳ ಪುಸ್ತಕವನ್ನು ಅಚ್ಚುಹಾಕಿಸಿದನು. ಈ ಇಗರ್ಜಿಗೆ 1918ರಲ್ಲಿ ಕೊಳವೆಗಳ ದೊಡ್ಡ ಆರ್ಗನ್ ವಾದ್ಯವೂ ಬಂತು. ಅಂದು ಅಪ್ಪಂದಿರು ಕಲಿತದ್ದನ್ನು ಮಕ್ಕಳು ತೊಟ್ಟಿಲಲ್ಲಿ ಕೇಳಿದರು.

ಇಗರ್ಜಿಯ ಎದುರಿಗೆ, ಹಾದಿಯ ತಿರುವಿನಲ್ಲಿ, ಒಂದು ಚಿಕ್ಕ ಸ್ಮಾರಕವಿದೆ. ಅದು ಸೇನಾಪತಿಯದಲ್ಲ, ಮಂತ್ರಿಯದಲ್ಲ. ಈ ಯೊಂಗ್‌ಹೂನ್ ಎಂಬ ಹಾಡು ಕಟ್ಟುವವನದು. ಈ ಬೀದಿಯನ್ನೂ ಈ ಪುಟ್ಟ ಇಗರ್ಜಿಯನ್ನೂ ನೆನೆಯುವ ಒಂದು ವಿರಹಗೀತವನ್ನು ಅವನು ಕಟ್ಟಿ, ಈ ಮೂನ್‌ಸೆ ಎಂಬ ಗಾಯಕನು 1988ರಲ್ಲಿ ಹಾಡಿದನು. ಕಟ್ಟಿದವನು 2008ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡಾಗ ಮರುವರ್ಷ ಇಲ್ಲಿ ಅವನ ನೆನಪನ್ನು ನಿಲ್ಲಿಸಿದರು. ಮೆಲ್ಲನೆ ನಡೆಯುವ, ಹಳೆಯದನ್ನು ನೆನೆಯುವ ಇಂಥ ಹಾಡಿಗೆ ಅಲ್ಲಿಯವರು ‘ಬಲ್ಲಾಡ್’ ಎನ್ನುತ್ತಾರೆ. ಕುಣಿಸುವ ಹಾಡುಗಳಿಂದ ಕೊರಿಯಾ ಇಂದು ಲೋಕಪ್ರಸಿದ್ಧವಾಗಿದೆಯಾದರೂ, ಮನೆಮಂದಿ ಒಳಗೊಳಗೇ ಗುನುಗುವುದು ಇದನ್ನೆ.

ನಾವು ಅಲ್ಲಿಯ ಕಲ್ಲುಬೆಂಚಿನ ಮೇಲೆ ಕುಳಿತೆವು. ಹುಡುಗನು ಕೈಗಾಡಿಯವನಿಂದ ಹುರಿದ ಚೆಸ್ಟ್‌ನಟ್ ಬೀಜಗಳ ಒಂದು ಪೊಟ್ಟಣ ತಂದನು. ಸುಲಿದರೆ ಒಳಗೆ ಬೆಂದ ಗೆಣಸಿನ ರುಚಿ. ಬಾಯಿಗಿಂತ ಮೊದಲು ಅಂಗೈಗೆ ಹಿತ.

“ನೀನು ದಿನವೂ ಕೇಳುವುದು ಇವನ ಹಾಡನ್ನೋ?” ಎಂದು ಕೇಳಿದೆವು.

“ಅಲ್ಲ ದೊಡ್ಡಪ್ಪ. ಅದು ಇದರ ತಮ್ಮನೆನ್ನಿ. ಅದಕ್ಕೆ ಸೋಲ್ ಎನ್ನುತ್ತಾರೆ.”

ಸಿಯೋಲ್ ನಗರದಲ್ಲಿ ಸೋಲ್ ಹಾಡು! ಇಂಗ್ಲಿಷಿನಲ್ಲಿ ಈ ಮಾತಿಗೆ ಆತ್ಮವೆಂದು ಅರ್ಥ. ಕನ್ನಡದ ಕಿವಿಗೆ ಅದು ಸೋಲು. ಮನಸೋಲುವುದೆಂಬ ನಮ್ಮ ನುಡಿಯನ್ನು ನೆನೆದರೆ ಅದೂ ತಪ್ಪಲ್ಲವೆನಿಸುತ್ತದೆ. ಅಮೆರಿಕದ ಕರಿಯ ಜನರು ತಮ್ಮ ಇಗರ್ಜಿಗಳಲ್ಲಿ ದೇವರನ್ನು ಕರೆಯುತ್ತಿದ್ದ ಆರ್ತಗಾನವನ್ನು 1950ರ ದಶಕದಲ್ಲಿ ರೇ ಚಾರ್ಲ್ಸ್, ಸ್ಯಾಮ್ ಕುಕ್ ಮೊದಲಾದವರು ಲೌಕಿಕ ಪ್ರೇಮಕ್ಕೆ ತಂದರು. ಸೋಲ್ ಹುಟ್ಟಿದ್ದು ಹಾಗೆ. ಒಂದಕ್ಷರವನ್ನು ಐದಾರು ಸ್ವರಗಳ ಮೇಲೆ ಜಾರಿಸಿ, ಬಳುಕಿಸಿ ನಿಲ್ಲಿಸುವುದು ಅದರ ಜೀವಾಳ. ಗಮಕ ಬಲ್ಲ ನಮ್ಮವರಿಗೆ ಇದು ಪರಕೀಯವಾಗಿ ತೋರಬೇಕಾದುದಿಲ್ಲ.

ಅದು ಕೊರಿಯಾಕ್ಕೆ ಬಂದ ಬಗೆಯನ್ನು ಕೇಳಿದರೆ ಮಾತ್ರ ಕರುಳು ಚುರುಕ್ಕೆನ್ನುತ್ತದೆ. 1950ರಿಂದ 1953ರವರೆಗಿನ ಯುದ್ಧದಲ್ಲಿ ಸಿಯೋಲ್ ನಗರ ನಾಲ್ಕು ಸಲ ಕೈ ಬದಲಾಯಿಸಿ ಬೂದಿಯಾಯಿತು. ಯುದ್ಧ ನಿಂತರೂ ಅಮೆರಿಕದ ಸೇನೆ ಅಲ್ಲಿಯೇ ಉಳಿಯಿತು. ನಗರದ ನಡುವಣ ಯೊಂಗ್‌ಸಾನ್ ಎಂಬಲ್ಲಿ ಅದರ ದಂಡುಪ್ರದೇಶ. ಸೇನೆಯ ಮುಖ್ಯ ಠಾಣೆ ದಕ್ಷಿಣದ ಪ್ಯೊಂಗ್‌ಥೇಕಿಗೆ ಸಾಗಿದ್ದು 2018ರ ವೇಳೆಗೆ. ಸಿಪಾಯಿಗಳ ವಿನೋದಕ್ಕೆ ಹಾಡುವವರು ಬೇಕಾಗಿದ್ದರು. ಊರಿನಲ್ಲಿ ಹಾಡುವವರಿಗೆ ಅನ್ನ ಬೇಕಾಗಿತ್ತು. ಸೇನೆಯವರು ಗಾಯಕರಿಗೆ ಪರೀಕ್ಷೆ ನಡೆಸಿ ದರ್ಜೆ ಕೊಡುತ್ತಿದ್ದರು. ದರ್ಜೆಗೆ ತಕ್ಕ ಸಂಬಳ. ಕೊರಿಯಾದ ಹೊಸ ಸಂಗೀತದ ಅನೇಕ ಹಿರಿಯರು ಈ ಶಾಲೆಯಲ್ಲಿಯೇ ಓದಿದವರು.

ಅವರಲ್ಲಿ ಒಂದು ಮನೆತನದ ವೃತ್ತಾಂತವನ್ನು ನಮ್ಮ ಗೃಹಿಣಿಯರು ಕೇಳಲೇಬೇಕು. ಈ ನಾನ್‌ಯೊಂಗ್ ಎಂಬಾಕೆ 1935ರಲ್ಲಿ ಮೋಕ್‌ಪೋ ಬಂದರಿನ ಕಣ್ಣೀರನ್ನು ಹಾಡಿ ದೇಶವನ್ನೇ ಅಳಿಸಿದ ಗಾಯಕಿ. ಗಂಡ ಕಿಮ್ ಹೇಸೊಂಗ್ ಸ್ವರಸಂಯೋಜಕ. 1950ರಲ್ಲಿ ಉತ್ತರದವರು ಅವನನ್ನು ಹಿಡಿದುಕೊಂಡು ಹೋದರು. ಅವನು ಮನೆಗೆ ಹಿಂದಿರುಗಲಿಲ್ಲ. ಮನೆ ತುಂಬ ಮಕ್ಕಳು. ಆಕೆ ಇಬ್ಬರು ಹೆಣ್ಣುಮಕ್ಕಳನ್ನೂ ಸಂಬಂಧದ ಇನ್ನೊಬ್ಬ ಹುಡುಗಿಯನ್ನೂ ಕೂಡಿಸಿಕೊಂಡು, ಅರ್ಥ ತಿಳಿಯದ ಇಂಗ್ಲಿಷ್ ಹಾಡುಗಳನ್ನು ಬರಿಯ ಶಬ್ದವಾಗಿ ಬಾಯಿಪಾಠ ಮಾಡಿಸಿ, ಮೂವರ ದನಿ ಮೂರು ಎತ್ತರದಲ್ಲಿ ಹೊಂದುವಂತೆ ತಿದ್ದಿ ದಂಡಿಗೆ ಕಳುಹಿಸಿದಳು. ಸಿಪಾಯಿಗಳು ಕೂಲಿಯಾಗಿ ಕೊಡುತ್ತಿದ್ದುದು ಬಿಯರು, ವಿಸ್ಕಿ. ಅದನ್ನು ಪೇಟೆಯಲ್ಲಿ ಬದಲಾಯಿಸಿ ಮನೆಗೆ ಅನ್ನ ತಂದರು. ಕಿಮ್ ಸೋದರಿಯರೆಂದು ಹೆಸರಾದ ಆ ಹುಡುಗಿಯರು 1959ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ದೂರದರ್ಶನದಲ್ಲಿ ಮತ್ತೆ ಮತ್ತೆ ಹಾಡಿದರು. ತಾಯಿ 1965ರಲ್ಲಿ ತೀರಿಕೊಂಡಳು. ಕೂಡುಗಾನವೆಂದರೆ ನಾವು ವಿಲಾಸದ ವಸ್ತುವೆಂದು ಭಾವಿಸಿದ್ದೆವು. ಅದು ಒಂದು ಕಾಲದಲ್ಲಿ ಒಂದು ಮನೆಯ ಒಲೆ ಉರಿಸಿದ ಸೌದೆಯಾಗಿತ್ತು.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇವೆ. ದಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಶಿನ್ ಜುಂಗ್‌ಹ್ಯೊನ್ 1968ರಲ್ಲಿ ಪರ್ಲ್ ಸೋದರಿಯರೆಂಬ ಇಬ್ಬರಿಂದ ಹಾಡಿಸಿ ಸೋಲ್ ಧಾಟಿಯನ್ನು ಊರ ಜನರ ಬಾಯಿಗೆ ತಂದನು. 1975ರಲ್ಲಿ ಸರ್ಕಾರದವರು ನೂರಾರು ಹಾಡುಗಳನ್ನು ನಿಷೇಧಿಸಿದರು. ಹಾಡುಗಳನ್ನು ಕಂಡು ಹೆದರುವ ಸರ್ಕಾರಗಳು ಎಲ್ಲ ದೇಶಗಳಲ್ಲಿಯೂ ಇದ್ದವೆಂಬುದೊಂದು ಸೋಜಿಗ. 1993ರಲ್ಲಿ ಅಮೆರಿಕದಲ್ಲಿ ಬೆಳೆದ ಕೊರಿಯಾದ ಮೂವರು ತರುಣರು ಸಾಲಿಡ್ ಎಂಬ ಮೇಳ ಕಟ್ಟಿ ಆ ಧಾಟಿಯನ್ನು ಮತ್ತೆ ತಂದರು. 2001ರಲ್ಲಿ ಬ್ರೌನ್ ಐಸ್ ಎಂಬ ಇಬ್ಬರು, ದೂರದರ್ಶನದಲ್ಲಿ ಮುಖ ತೋರಿಸದೆಯೆ, ಬರಿಯ ದನಿಯಿಂದ ಜನರನ್ನು ಗೆದ್ದರು. ಅವರಲ್ಲೊಬ್ಬನಾದ ನಾಉಲ್, ಅವನು ಚಿತ್ರಕಾರನೂ ಹೌದು, 2003ರಲ್ಲಿ ಇನ್ನು ಮೂವರೊಡನೆ ಸೇರಿ ಬ್ರೌನ್ ಐಡ್ ಸೋಲ್ ಎಂಬ ಮೇಳವನ್ನು ಕಟ್ಟಿದನು. ಬಿಳಿಯರು ಹಾಡುವ ಸೋಲಿಗೆ ನೀಲಿಗಣ್ಣಿನದೆಂದು ಹೆಸರಿಡುವ ವಾಡಿಕೆ ಅಮೆರಿಕದಲ್ಲಿದೆ. ನಮ್ಮ ಕಣ್ಣು ಕಂದು, ನಮ್ಮದು ನಮ್ಮದೇ ಎಂದು ಇವರು ಹೇಳಿಕೊಂಡಂತೆ ಆ ಹೆಸರು ನಮಗೆ ಕೇಳಿಸಿತು. ಹುಡುಗನು ಅಂದು ಕೇಳಿಸಿದ್ದು ಇವರ ಮೊದಲ ಸಂಪುಟದ ಹಾಡು. ಅದರ ಹೆಸರೇ ಒಂದು ಪ್ರಶ್ನೆ: ನಿಜವಾಗಿ ಪ್ರೀತಿಸಿದ್ದೆವೆ? ಎಂದು.

ಒಂದು ಇಯರ್‌ಫೋನು ನಮ್ಮ ಬಲಗಿವಿಗೆ, ಇನ್ನೊಂದು ಅವನ ಎಡಗಿವಿಗೆ. ಹಾಡು ಸಾವಧಾನವಾಗಿ ನಡೆಯಿತು. ಒಬ್ಬನು ಮುಂದೆ ಬಂದು ಹಾಡುತ್ತಾನೆ; ಉಳಿದವರು ಹಿಂದೆ ನಿಲ್ಲುತ್ತಾರೆ; ಅವನು ಹಿಂದಕ್ಕೆ ಸರಿದರೆ ಇನ್ನೊಬ್ಬನು ಬರುತ್ತಾನೆ. ಮೊದಲ ಸಲ ಕೇಳಿದಾಗ ನಮಗೆ ಅದು ಚೆನ್ನಾಗಿದೆಯೆನ್ನುವುದಕ್ಕಿಂತ ಹೆಚ್ಚೇನೂ ಅನಿಸಲಿಲ್ಲ. ನಮ್ಮ ಕಿವಿ ಮೇಲಿನ ರಾಗವೊಂದನ್ನೇ ಹಿಡಿದು ಓಡುತ್ತಿತ್ತು; ಉಳಿದದ್ದೆಲ್ಲ ಬಣ್ಣದ ಪರದೆಯಂತೆ ಹಿಂದೆ ತೂಗುತ್ತಿತ್ತು. ಸಂಗತಿಗಳಿಲ್ಲ, ಸ್ವರಪ್ರಸ್ತಾರವಿಲ್ಲ, ಇದರಲ್ಲಿ ದಿನವೂ ಕೇಳುವಂಥದು ಏನಿದೆಯೋ ಎಂದುಕೊಂಡೆವು. ಹುಡುಗನು ನಮ್ಮ ಮುಖ ನೋಡಿ ತಿಳಿದುಕೊಂಡನೆಂದು ಕಾಣುತ್ತದೆ.

“ದೊಡ್ಡಪ್ಪ, ಮೇಲಿನದನ್ನು ಕೇಳಬೇಡಿ. ತೀರ ಕೆಳಗೆ ಒಂದು ದನಿಯಿದೆ, ಅದನ್ನು ಹುಡುಕಿ” ಎಂದು ಇನ್ನೊಂದು ಸಲ ಹಾಕಿದನು.

ನಾವು ಕಣ್ಣು ಮುಚ್ಚಿದೆವು. ಮಂಡಿಯುದ್ದದ ನೀರಿನಲ್ಲಿ ಕಾಲಿಗೆ ನೆಲ ತಾಕುವಂತೆ, ಸ್ವಲ್ಪ ಹೊತ್ತಿನ ಮೇಲೆ ಅದು ಕಿವಿಗೆ ಸಿಕ್ಕಿತು. ರಾಗ ಅದರದಲ್ಲ, ಮಾತೂ ಹೆಚ್ಚಿಲ್ಲ. ಮೇಲಿನವರು ಏರುವಾಗ ತಾನು ಅಲುಗದೆ ನಿಲ್ಲುವುದು, ಅವರು ಇಳಿದು ಬರುವಾಗ ಕೈ ಕೊಡುವುದು, ಇಷ್ಟೇ ಅದರ ಕೆಲಸ. ಆದರೆ ಆ ದನಿಯಿದ್ದಲ್ಲಿ ಹಾಡು ಬೆಚ್ಚಗಾಗುತ್ತಿತ್ತು. ಅದು ಸುಮ್ಮನಾದಲ್ಲಿ ಮೇಲಿನ ದನಿ ಎಷ್ಟು ಇಂಪಾಗಿದ್ದರೂ ಚಳಿಯಲ್ಲಿ ಹೊದಿಕೆಯಿಲ್ಲದೆ ನಿಂತವನಂತೆ ತೋರುತ್ತಿತ್ತು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಷಡ್ಜ ಪಂಚಮಗಳನ್ನಷ್ಟೆ ಮೀಟಿದರೂ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಹೊರಡುವುದನ್ನು ಸಂಗೀತ ಬಲ್ಲವರು ಅರಿತಿದ್ದಾರೆ. ಇಷ್ಟು ವರ್ಷ ತಂಬೂರಿಯ ಪಕ್ಕದಲ್ಲಿ ಕುಳಿತ ನಾವು ಒಂದರೊಳಗಿನಿಂದ ಇನ್ನೊಂದು ಸ್ವರ ಹುಟ್ಟಿ ಜೊತೆಯಾಗುವುದನ್ನು ಕೇಳುತ್ತಲೇ ಇದ್ದೆವು, ಅದಕ್ಕೆ ಕಿವಿಗೊಟ್ಟಿರಲಿಲ್ಲ.

“ಅಪ್ಪ ಶ್ರುತಿ ಹಿಡಿಯುತ್ತಿದ್ದ ಹಾಗಿಲ್ಲವೆ?” ಎಂದನು ಹುಡುಗ.

ನಮ್ಮ ಮನೆಯ ಶನಿವಾರದ ಭಜನೆಯ ವಿಷಯವನ್ನು ಇಲ್ಲಿ ಹೇಳಬೇಕಾಗಿದೆ. ತಂದೆಯವರ ಕಾಲದಿಂದ ನಡೆದು ಬಂದದ್ದು. ಹಾಡುವವರು ನಾವು, ಹೊಗಳಿಸಿಕೊಂಡವರೂ ನಾವೇ. ತಮ್ಮನು ಮೂಲೆಯಲ್ಲಿ ಶ್ರುತಿಪೆಟ್ಟಿಗೆಯ ತಿದಿಯನ್ನೊತ್ತುತ್ತ, ಅದರ ಜೊತೆಗೆ ಗಂಟಲಿನಲ್ಲಿಯೇ ಕೆಳಗಿನ ಷಡ್ಜವನ್ನು ಹಿಡಿದು ಕುಳಿತಿರುತ್ತಿದ್ದನು. ಅವನ ದನಿ ಚೆನ್ನಾಗಿದೆಯೆಂದು ಅಷ್ಟು ವರ್ಷಗಳಲ್ಲಿ ಯಾರೂ ಹೇಳಿದ್ದು ನಮಗೆ ನೆನಪಿಲ್ಲ, ನಾವಂತೂ ಹೇಳಲಿಲ್ಲ. ಅವನು ಹೋದ ಮೇಲೆ ವಿದ್ಯುತ್ತಿನ ಶ್ರುತಿಯಂತ್ರವನ್ನು ತಂದಿಟ್ಟೆವು. ಅದು ಕೂದಲೆಳೆಯಷ್ಟೂ ತಪ್ಪದು. ಆದರೂ ಭಜನೆ ಏಕೋ ಬರಿದಾಗಿದೆಯೆಂದು ಮನೆಯಾಕೆ ಎರಡು ಮೂರು ಸಲ ಹೇಳಿದ್ದಳು. ನಮ್ಮ ಗಂಟಲಿಗೆ ವಯಸ್ಸಾಯಿತೆಂದು ನಾವು ತಿಳಿದಿದ್ದೆವು.

ಆ ಮೇಲೆ ಹುಡುಗನು ಮಾತಾಡಿದನು. ಫೋನಿನ ಗಾಜಿನಲ್ಲಿ ಕಂಡದ್ದು, ನಡುವೆ ಒಂದು ಸಲ ಸಂಪರ್ಕ ಕಡಿದುಹೋದದ್ದು, ಮತ್ತೆ ಬಂದಾಗ ಎಲ್ಲವೂ ಮುಗಿದಿದ್ದದ್ದು, ಮರುದಿನ ಎಂದಿನಂತೆ ಕೆಲಸಕ್ಕೆ ಹೋದದ್ದು. ಅಪ್ಪನ ಫೋಟೋಗಳು ಬೇಕಾದಷ್ಟಿವೆ, ದನಿ ಮಾತ್ರ ಎಲ್ಲಿಯೂ ಇಲ್ಲ ಎಂದನು. ಒಂದು ರಾತ್ರಿ ಯಾವುದೋ ಅಂಗಡಿಯಲ್ಲಿ ಈ ಹಾಡು ಕೇಳಿಸಿ, ಸಾಮಾನು ಕೊಳ್ಳುವುದನ್ನು ಮರೆತು ನಿಂತುಬಿಟ್ಟನಂತೆ. ಇನ್ನೂ ಕೆಲವು ಮಾತುಗಳಾದವು. ಅವು ಪತ್ರಿಕೆಗೆ ಬೇಕಾದವಲ್ಲ. ನಾವೂ ಹೇಳಬೇಕಾದ್ದನ್ನು ಹೇಳಿದೆವು. ಇಗರ್ಜಿಯಲ್ಲಿ ಅಭ್ಯಾಸ ಮುಗಿದು ಗಾಯಕರು ಒಬ್ಬೊಬ್ಬರಾಗಿ ಹೊರಗೆ ಬಂದು ಹಳದಿ ಎಲೆಗಳ ಮೇಲೆ ನಡೆದುಹೋದರು. ಪೊಟ್ಟಣದ ಬೀಜಗಳು ತಣ್ಣಗಾಗಿದ್ದವು.

ಮನೆ ಸೇರುವ ಹೊತ್ತಿಗೆ ಚಳಿ ಜೋರಾಗಿತ್ತು. ಕೊರಿಯಾದ ಮನೆಗಳಲ್ಲಿ ಓಂಡೊಲ್ ಎಂಬ ಏರ್ಪಾಡುಂಟು. ಹಿಂದೆ ಅಡಿಗೆಯ ಒಲೆಯ ಹೊಗೆಯನ್ನು ನೆಲದಡಿಯ ಕಾಲುವೆಗಳಲ್ಲಿ ಹರಿಸಿ ಕೋಣೆಯ ನೆಲಗಲ್ಲನ್ನು ಕಾಯಿಸುತ್ತಿದ್ದರು. ಈಗ ಕೊಳವೆಗಳಲ್ಲಿ ಬಿಸಿನೀರನ್ನು ಹರಿಸುತ್ತಾರೆ. ಬೆಂಕಿ ಕಣ್ಣಿಗೆ ಬೀಳದು, ಕಾವು ಕೆಳಗಿನಿಂದ ಬರುತ್ತದೆ. ನೆಲದ ಮೇಲೆ ಕಾಲು ಮಡಿಸಿ ಕುಳಿತರೆ ಏಳುವ ಮನಸ್ಸಾಗದು. ಮೂವರೂ ಹಾಗೆಯೇ ಕುಳಿತಿದ್ದೆವು.

“ಇವತ್ತು ಶನಿವಾರವಲ್ಲವೆ?” ಎಂದಳು ಮನೆಯಾಕೆ.

ಶ್ರುತಿಯಂತ್ರವನ್ನು ನಾವು ಊರಿನಿಂದ ತಂದಿರಲಿಲ್ಲ. ಹುಡುಗನು ಸ್ವಲ್ಪ ಸಂಕೋಚಪಟ್ಟು, ಗಂಟಲು ಸರಿಮಾಡಿಕೊಂಡು, ಕೆಳಗಿನ ಷಡ್ಜವನ್ನು ಹಿಡಿದನು. ಎರಡು ಸಲ ಜಾರಿತು; ಮೂರನೆಯ ಸಲ ನಿಂತಿತು. ನಾವು ಪುರಂದರದಾಸರ ಒಂದು ದೇವರನಾಮವನ್ನು ಎತ್ತಿಕೊಂಡೆವು. ಅಲ್ಲಿಯ ಮನೆಗಳ ಗೋಡೆ ಬಲು ತೆಳು. ಪಕ್ಕದವರಿಗೆ ಏನೆನಿಸಿತೋ ಏನೋ, ಬಾಗಿಲು ತಟ್ಟಲಿಲ್ಲ.